ಅಳುವವಳ ಹಲ್ಲು

ಒದ್ದೆ ಸ್ಪಂಜು ತಣ್ಣಗಿದೆ, ಮೂಗಿನ ಪಕ್ಕದಿಂದ ಕಿವಿಯ ಕಡೆಗೆ ಎಳೆಯುತ್ತಾರೆ, ಒಂದೇ ದಿಕ್ಕಿಗೆ, ಗೋಡೆಗೆ ಬಣ್ಣ ಬಳಿದ ಹಾಗೆ, ಕನ್ನಡಿಯ ಸುತ್ತ ಬಲ್ಬುಗಳ ಸಾಲು, ಮೇಲೊಂದು ಸುಟ್ಟುಹೋಗಿದೆ, ನನ್ನ ಚಿಕ್ಕಂದಿನಲ್ಲೂ ಯಾವುದಾದರೊಂದು ಸುಟ್ಟೇ ಇರುತ್ತಿತ್ತು, ಮೇಕಪ್ ಮಾಮನ ಬೆರಳಿಗೆ ಅದೇ ವಾಸನೆ, ಪೌಡರು ಮತ್ತು ಸಿಗರೇಟು, ತಲೆ ಪೂರ್ತಿ ಬೆಳ್ಳಗಾಗಿದೆ, ಕೈ ಮಾತ್ರ ಇನ್ನೂ ನಡುಗುವುದಿಲ್ಲ — ಹಲ್ಲು ಬಿಡಮ್ಮ, ಲಿಪ್‌ಸ್ಟಿಕ್ ಅಂಟಿದೆಯಾ ನೋಡ್ತೀನಿ ಅಂದರು, ಬಿಟ್ಟೆ, ಕುಂಚ ಗಾಳಿಯಲ್ಲೇ ನಿಂತಿತು. ನೀನು ನಗೋಳಲ್ಲ, ಅಳೋಳು. ಹೌದು ಮಾಮ. ಅವಳೆಲ್ಲಿ? ಕಣ್ಣುಬೇನೆ, ಎರಡು ಕಣ್ಣೂ ಕೆಂಡದ ಹಾಗಿವೆ, ಕಪ್ಪು ಕನ್ನಡಕ ಹಾಕ್ಕೊಂಡು ಮಲಗಿದಾಳೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದರು, ಹಾಗಾದ್ರೆ ತುಟಿ ಮುಚ್ಕೊಂಡೇ ನಗು, ಆ ಓರೆ ಹಲ್ಲು ಕಂಡರೆ ಕಥೆ ಮುಗೀತು, ಇದು ನೇರಪ್ರಸಾರ, ಕತ್ತರಿ ಹಾಕೋಕಾಗಲ್ಲ. ಬೆಳಿಗ್ಗೆ ಫೋನಿನಲ್ಲಿ ಅಕ್ಕನೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಳು, ಹೋಗೇ, ನನ್ನ ಹಾಗೆ ಸ್ವಲ್ಪ ಹೊತ್ತು ಕೂತು, ಹಲ್ಲು ತೋರಿಸದೆ ಬಂದುಬಿಡು, ಸೋಮವಾರದಿಂದ ಅದೇ ಚಾನೆಲ್‌ನಲ್ಲಿ ನನ್ನ ಸೀರಿಯಲ್ಲು, ಇವತ್ತು ತಪ್ಪಿಸಿಕೊಂಡರೆ ಅವರು ನನ್ನ ಮುಖ ನೋಡಲ್ಲ, ನಮ್ಮಿಬ್ಬರ ಮುಖ ಒಂದೇ ತಾನೇ.

ಮುಖ ಒಂದೇ ತಾನೇ — ಅದನ್ನು ಮೊದಲು ಅಂದವನು ಸಿನಿಮಾ ನಿರ್ದೇಶಕ, ನಮಗಾಗ ಆರು ವರ್ಷ, ಅಪ್ಪ ಇಬ್ಬರಿಗೂ ಒಂದೇ ಬಟ್ಟೆಯ ಫ್ರಾಕು ಹಾಕಿಸಿ ಕರೆದುಕೊಂಡು ಹೋಗಿದ್ದ, ಅವರಿಗೆ ಬೇಕಿದ್ದದ್ದು ಕಳೆದುಹೋಗುವ ಒಬ್ಬ ಹುಡುಗಿ, ಆದರೆ ಮಕ್ಕಳನ್ನು ದಿನವಿಡೀ ದೀಪದ ಕೆಳಗೆ ನಿಲ್ಲಿಸುವಂತಿಲ್ಲ, ಕಾನೂನು, ಒಬ್ಬಳು ದಣಿದರೆ ಇನ್ನೊಬ್ಬಳು, ಒಂದೇ ಮುಖ, ದಿನ ಉದ್ದವಾಗುತ್ತದೆ. ನಗು ಅಂದಾಗ ಅಕ್ಕ ನಕ್ಕಳು, ಅವಳಿಗೆ ನಗುವುದಕ್ಕೆ ಕಾರಣ ಬೇಕಿರಲಿಲ್ಲ, ಅಳು ಅಂದಾಗ ನಾನು ಅತ್ತೆ. ಅಂದಿನಿಂದ ಸೆಟ್ಟಿನಲ್ಲಿ ನಮಗೆ ಹೆಸರಿಲ್ಲ, ನಗೋಳನ್ನ ಕರೀರಿ, ಅಳೋಳಿಗೆ ಜಡೆ ಹಾಕಿ. ನಾನು ದುಃಖದಿಂದ ಅಳುತ್ತಿರಲಿಲ್ಲ, ರೆಪ್ಪೆ ಬಡಿಯದೆ ದೊಡ್ಡ ದೀಪವನ್ನು ನೋಡುತ್ತಿದ್ದೆ, ಅಷ್ಟೇ, ಕಣ್ಣು ಉರಿಯುತ್ತದೆ, ನೀರು ಬರುತ್ತದೆ, ಗಲ್ಲ ತಾನಾಗಿ ನಡುಗುತ್ತದೆ, ಪಾಪ ಏನು ನೆನೆಸಿಕೊಂಡಳೋ ಎಂದು ದೀಪದವನು ತಲೆ ಸವರುತ್ತಿದ್ದ, ನಾನು ಏನನ್ನೂ ನೆನೆಸಿಕೊಂಡಿರಲಿಲ್ಲ. ಚಿತ್ರದ ಆರಂಭದಲ್ಲಿ ತೋರಿಸುವ ಹೆಸರು ಒಂದೇ, ಅಕ್ಕನದು, ಅವಳು ಕೆಲವೇ ನಿಮಿಷಕ್ಕೆ ದೊಡ್ಡವಳು. ಅಮ್ಮ ಕೇಳಿದಾಗ ಅಪ್ಪ ಹೇಳಿದ, ಹೆಸರು ಯಾರದಾದ್ರೇನು, ಬರೋದು ಒಂದೇ ಮನೆಗಲ್ವಾ.

ಆಮೇಲೆ ಸೇಬಿನ ದೃಶ್ಯ. ಅಕ್ಕ ಸೇಬು ಕಚ್ಚಬೇಕು, ಕಚ್ಚಿದಳು, ಮೇಲಿನ ಸಾಲಿನ ಎಡಗಡೆಯ ಮುಂದಿನ ಹಲ್ಲು ಸೇಬಿನಲ್ಲೇ ಉಳಿಯಿತು, ಅವಳು ಅದನ್ನು ನೋಡಿದಳು, ಬಾಯಿ ತುಂಬ ನಕ್ಕಳು, ಕ್ಯಾಮೆರಾ ಓಡುತ್ತಿತ್ತು, ನಿಲ್ಲಿಸು ಎನ್ನಬೇಕಾದವನು ಎನ್ನಲಿಲ್ಲ. ಪೋಸ್ಟರಿನಲ್ಲಿ ಬಂದದ್ದು ಆ ನಗುವೇ, ಈಗಲೂ ಜನ ಅದನ್ನೇ ನೆನಪಿಟ್ಟಿದ್ದಾರೆ. ಇನ್ನು ಮುಂದೆ ಹುಡುಗಿಗೆ ಆ ಹಲ್ಲಿಲ್ಲ ಎಂದು ನಿರ್ದೇಶಕ ತೀರ್ಮಾನಿಸಿದ, ಸರಿ, ಆದರೆ ನನಗೆ ಹಲ್ಲಿದೆ, ಅಲುಗಾಡುವುದೂ ಇಲ್ಲ, ನಾಲಗೆಯಿಂದ ತಳ್ಳಿ ತಳ್ಳಿ ನೋಡಿದೆ, ಗೋಡೆಯನ್ನು ತಳ್ಳಿದ ಹಾಗೆ. ಅಕ್ಕನಿಗೊಂದು ಕಟ್ಟುಹಲ್ಲು ಮಾಡಿಸಬಹುದಿತ್ತು, ಸಣ್ಣದು, ಒತ್ತಿದರೆ ಕೂರುವಂಥದ್ದು, ಹೀಗೆ ಮಾಡುವುದುಂಟೆಂದು ದೊಡ್ಡವಳಾದ ಮೇಲೆ ನನಗೆ ತಿಳಿಯಿತು, ಆಗ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ, ಅಥವಾ ಆ ನಗುವನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ. ಸಹಾಯಕ ನಿರ್ದೇಶಕನಿದ್ದ, ಕಿವಿಯ ಮೇಲೆ ಸದಾ ಪೆನ್ಸಿಲ್ ಇಟ್ಟುಕೊಳ್ಳುತ್ತಿದ್ದ, ಎಲ್ಲರೂ ಪೆನ್ಸಿಲ್ ಅನ್ನುತ್ತಿದ್ದರು, ಒಂದು ದೃಶ್ಯಕ್ಕೂ ಇನ್ನೊಂದಕ್ಕೂ ಬಟ್ಟೆ, ಕೂದಲು, ಗುಂಡಿ ಎಲ್ಲ ಹೊಂದುವಂತೆ ನೋಡಿಕೊಳ್ಳುವುದು ಅವನ ಕೆಲಸ, ತೆಗೆದ ಕೂಡಲೇ ಹೊರಬರುವ ಫೋಟೊದ ಕ್ಯಾಮೆರಾ ಕೊರಳಲ್ಲಿ ತೂಗುತ್ತಿತ್ತು, ಅಕ್ಕ ಮೇಕಪ್ ಕುರ್ಚಿಯಲ್ಲಿ ಕೂತಿದ್ದಳು, ಅವನು ಹಿಂದೆ ನಿಂತು ಹಲ್ಲು ಬಿಡು ಪುಟ್ಟಿ ಅಂದ, ಕ್ಲಿಕ್, ಕನ್ನಡಿಯಲ್ಲಿ ಕಂಡ ಮುಖದ ಫೋಟೊ. ಅಳೋಳಿಗೂ ಇದೇ ಹಲ್ಲು ತೆಗೆಸಿಕೊಂಡು ಬನ್ನಿ ಎಂದು ಅದನ್ನು ಅಪ್ಪನ ಜೇಬಿಗಿಟ್ಟ. ದಂತವೈದ್ಯರು ನನ್ನ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿ ನೋಡಿ, ಇದು ಕಲ್ಲಿನ ಹಾಗಿದೆಯಲ್ರೀ, ತಾನಾಗಿ ಬೀಳೋವರೆಗೂ ಕಾಯಿರಿ ಅಂದರು, ಅಪ್ಪ ಹೇಳಿದ, ಹೇಗಿದ್ರೂ ಬೀಳೋ ಹಲ್ಲು ತಾನೇ ಡಾಕ್ಟ್ರೇ, ನಾಳೆ ಶೂಟಿಂಗ್ ಇದೆ. ಅವರು ಫೋಟೊವನ್ನು ನನ್ನ ಕೆನ್ನೆಯ ಪಕ್ಕ ಹಿಡಿದು ನೋಡಿದರು, ಬಲಗಡೆಯದು ಅಂದರು, ಫೋಟೊದಲ್ಲಿ ಹೇಗಿದೆಯೋ ಹಾಗೆ ಎಂದ ಅಪ್ಪ. ಸೂಜಿ, ಮರಗಟ್ಟಿದ ತುಟಿ, ತಲೆಯೊಳಗೆಲ್ಲೋ ಕಿರುಗುಟ್ಟಿದ ಸದ್ದು, ನಂತರ ಸ್ಟೀಲ್ ತಟ್ಟೆಯಲ್ಲಿ ಟಣ್ ಎಂದದ್ದು — ಅಕ್ಕನ ಹಲ್ಲು ಸಣ್ಣ ಚಿಪ್ಪಿನ ಹಾಗಿತ್ತು, ಕೆಳಗೆ ಏನೂ ಇರಲಿಲ್ಲ, ಹಾಲುಹಲ್ಲು ಬೀಳುವ ಹೊತ್ತಿಗೆ ಬೇರು ಒಳಗೇ ಕರಗಿಹೋಗಿರುತ್ತದೆ, ನನ್ನದಕ್ಕೆ ಬೇರಿತ್ತು, ಹಲ್ಲಿಗಿಂತ ಉದ್ದ, ತುದಿಯಲ್ಲಿ ಕೆಂಪು ನೂಲಿನ ಎಳೆ. ನಾನು ಅಳಲಿಲ್ಲ. ಎಷ್ಟು ಜಾಣೆ ಎಂದು ವೈದ್ಯರು ಅಪ್ಪನಿಗೆ ಹೇಳಿದರು.

ಮರುದಿನ ಅಕ್ಕನ ಎದುರು ನಿಂತೆ, ಅವಳ ಕಿಂಡಿಯ ಎದುರಿಗೇ ನನ್ನ ಕಿಂಡಿ, ಕನ್ನಡಿ ನೋಡಿದ ಹಾಗೆ, ನಾಲಗೆ ತೂರಿಸಿ ಆಡಿದೆವು, ಸರಿಯಾಗಿದೆ ಎಂದುಕೊಂಡೆವು. ಪಕ್ಕಪಕ್ಕ ನಿಲ್ಲಿ ಎಂದ ಕ್ಯಾಮೆರಾದವನು, ನಿಂತೆವು, ಅವನು ಕಣ್ಣನ್ನು ಕ್ಯಾಮೆರಾದಿಂದ ತೆಗೆದು ಪೆನ್ಸಿಲ್‌ನನ್ನು ಕರೆದ, ಇವಳದು ಎಡ, ಅವಳದು ಬಲ, ಏನಯ್ಯಾ ಇದು. ಪೆನ್ಸಿಲ್ ಫೋಟೊ ನೋಡಿದ, ಮೇಕಪ್ ಕನ್ನಡಿಯನ್ನು ನೋಡಿದ, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡ. ಅಳೋಳ ದೃಶ್ಯಗಳಲ್ಲಿ ಚಿತ್ರವನ್ನೇ ತಿರುಗಿಸಿ ಮುದ್ರಿಸೋಣ ಎಂದು ಒಬ್ಬ, ಆಗ ಫ್ರಾಕಿನ ಜೇಬು ಬಲಕ್ಕೆ ಹೋಗುತ್ತದೆ, ಬೈತಲೆ ಆ ಕಡೆಗೆ ಹೋಗುತ್ತದೆ, ಗೋಡೆಯ ಮೇಲಿನ ಅಕ್ಷರ ತಿರುಗುಮುರುಗು ಎಂದು ಇನ್ನೊಬ್ಬ, ಇಬ್ಬರಿಗೂ ಒಂದೊಂದು ತೆಗೆಸಿದರೆ ಲೆಕ್ಕ ಸರಿಹೋಗುತ್ತಲ್ಲ ಎಂದು ಮೂರನೆಯವನು, ತಮಾಷೆಗೋ ನಿಜಕ್ಕೋ, ಅಪ್ಪ ಉತ್ತರಕ್ಕಾಗಿ ನಿರ್ದೇಶಕನ ಮುಖ ನೋಡಿದ. ಗೋಡೆಗೊರಗಿ ಫ್ಲಾಸ್ಕು ತೊಡೆಯ ಮೇಲಿಟ್ಟು ಕೂತಿರುತ್ತಿದ್ದ ಅಮ್ಮ ಎದ್ದು ನಿಂತಳು, ಸೆಟ್ಟಿನಲ್ಲಿ ಅವಳು ಮಾತಾಡಿದ್ದು ಅದೊಂದೇ ಸಲ, ಇನ್ನೊಂದು ಹಲ್ಲಿಗೆ ಕೈ ಹಾಕಿ ನೋಡಿ, ಇಬ್ಬರನ್ನೂ ಕರ್ಕೊಂಡು ನಡೀತೀನಿ. ನಿರ್ದೇಶಕ ಹೇಳಿದ, ಒಬ್ಬಳು ಸಾಕು ಬಿಡಿ, ನಗೋಳಿರಲಿ, ಅಳುವಿಗೆ ಗ್ಲಿಸರಿನ್ ಇದೆ. ಹಾಗಾಗಿ ಆ ಚಿತ್ರದಲ್ಲಿ ಬಸ್ ನಿಲ್ದಾಣದ ಅಳು ಒಂದು ಮಾತ್ರ ನನ್ನದು, ಅದು ಸೇಬಿಗಿಂತ ಮೊದಲು ತೆಗೆದದ್ದು, ಉಳಿದದ್ದೆಲ್ಲ ಅಕ್ಕ ಮತ್ತು ಗ್ಲಿಸರಿನ್. ಬಹುಮಾನ ಬಂತು, ವೇದಿಕೆಗೆ ಕಿಂಡಿ ಎಡಗಡೆ ಇದ್ದವಳು ಹೋದಳು. ಟೀವಿ ಧಾರಾವಾಹಿ ಬಂತು, ಅವಳಿಗೆ ಬಂತು, ನನ್ನನ್ನೂ ಕರೆದರು, ದೀಪ ಹೊಂದಿಸುವಾಗ ಅವಳ ಜಾಗದಲ್ಲಿ ನಿಲ್ಲಲು, ನಾನು ಗುರುತಿನ ಮೇಲೆ ನಿಲ್ಲುವುದು, ಬೆಳಕು ಸರಿಯಾದ ಕೂಡಲೇ ಪಕ್ಕಕ್ಕೆ ಸರಿಯುವುದು, ಬೆಚ್ಚಗಾದ ಜಾಗದಲ್ಲಿ ಅವಳು ನಿಲ್ಲುವುದು. ಅವಳ ಹೊಸ ಹಲ್ಲು ನೇರವಾಗಿ ಬಂತು, ನನ್ನದು ಬಹಳ ಕಾಲ ಬರಲೇ ಇಲ್ಲ, ವಸಡು ಮುಚ್ಚಿಕೊಂಡಿತ್ತು, ಬಂದಾಗ ಅಡ್ಡಡ್ಡ ಬಂತು, ಆಮೇಲೆ ನಿಲ್ಲುವುದಕ್ಕೂ ಕರೆಯಲಿಲ್ಲ. ಈಗ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುತ್ತೇನೆ, ಪ್ರತಿ ಚಿತ್ರದ ಮೂಲೆಯಲ್ಲಿ ಎಡವೋ ಬಲವೋ ಎಂದು ಹೇಳುವ ಸೀಸದ ಅಕ್ಷರ ಇಡಬೇಕು, ನಾನು ಇಟ್ಟ ಮೇಲೆ ಇನ್ನೊಮ್ಮೆ ನೋಡುತ್ತೇನೆ, ಜೊತೆಯವರು ನಗುತ್ತಾರೆ, ನೋಡಿದ್ದು ಸಾಕು ಬಾರೆ, ಕಾಲು ಓಡಿಹೋಗಲ್ಲ.

ಈಗ ಸೋಫಾ, ಎದುರಿಗೆ ಕ್ಯಾಮೆರಾ, ಅದರ ತಲೆಯ ಮೇಲೆ ಕೆಂಪು ದೀಪ, ನಿರೂಪಕಿ ಅಕ್ಕನ ಹೆಸರಿಟ್ಟು ಸ್ವಾಗತಿಸುತ್ತಾಳೆ, ನಾನು ಕೈ ಮುಗಿಯುತ್ತೇನೆ, ತುಟಿ ಮುಚ್ಚಿ ನಗುತ್ತೇನೆ, ಚಪ್ಪಾಳೆ, ಮನೆಯಲ್ಲಿ ಅಕ್ಕ ಕಪ್ಪು ಕನ್ನಡಕದ ಒಳಗಿಂದ ನೋಡುತ್ತಿರುತ್ತಾಳೆ, ಹೊಸ ಸೀರಿಯಲ್ಲಿನ ಬಗ್ಗೆ ಅವಳು ಹೇಳಿಕೊಟ್ಟದ್ದನ್ನು ಹೇಳುತ್ತೇನೆ, ತಪ್ಪಿಲ್ಲದೆ, ಬೆಳಕಿನಲ್ಲಿ ನಿಲ್ಲುವುದು ನನಗೆ ಗೊತ್ತಿರುವ ಕೆಲಸ, ಇನ್ನೇನು ಮುಗಿಯಿತು, ಪಕ್ಕಕ್ಕೆ ಸರಿದರಾಯಿತು. ಪರದೆಯ ಮೇಲೆ ಬಸ್ ನಿಲ್ದಾಣ ಬರುತ್ತದೆ, ಬಸ್ಸು ಹೋಗುತ್ತದೆ, ಹುಡುಗಿ ಬಾಯಿ ತೆರೆದು ಅಳುತ್ತಾಳೆ, ದೊಡ್ಡದಾಗಿ, ಗೋಡೆಯಷ್ಟು ದೊಡ್ಡದಾಗಿ, ಮೇಲಿನ ಸಾಲಿನ ಹಲ್ಲೆಲ್ಲ ಇವೆ, ಬಲಗಡೆಯದೂ ಇದೆ, ಬೆಳ್ಳಗೆ, ಗಟ್ಟಿಯಾಗಿ, ಅದಕ್ಕಿನ್ನೂ ಏನೂ ಗೊತ್ತಿಲ್ಲ, ಇಷ್ಟು ವರ್ಷ ಅದನ್ನು ನಾನು ಹುಡುಕಿ ನೋಡಿರಲಿಲ್ಲ. ನಂತರ ಸೇಬು, ಕಿಂಡಿ, ಆ ನಗು, ಜನ ಸೀಟಿ ಹೊಡೆಯುತ್ತಾರೆ. ನಿರೂಪಕಿ ಬಾಗುತ್ತಾಳೆ, ಅಷ್ಟು ಅಳು, ಅಷ್ಟು ನಗು, ಅಷ್ಟು ಪುಟ್ಟ ಮಗು, ಎರಡೂ ಹೇಗೆ ಸಾಧ್ಯವಾಯಿತು. ಕ್ಯಾಮೆರಾದ ಹಿಂದೆ ಮೇಕಪ್ ಮಾಮ ಪೌಡರ್ ಡಬ್ಬಿ ಹಿಡಿದು ನಿಂತಿದ್ದಾರೆ, ಬೆರಳನ್ನು ತುಟಿಯ ಮೇಲಿಟ್ಟು ಒತ್ತುತ್ತಾರೆ, ಮುಚ್ಚು, ಮುಚ್ಚು — ಅಳ್ತಿರೋದು ನಾನು, ನಗೋದು ನಮ್ಮಕ್ಕ ಅನ್ನುತ್ತೇನೆ, ಧ್ವನಿ ಏರುವುದಿಲ್ಲ, ರೋಗಿಗೆ ಉಸಿರು ಬಿಗಿಹಿಡಿಯಿರಿ ಅನ್ನುವ ಧ್ವನಿಯೇ, ನಾವಿಬ್ಬರು, ಅವಳಿಗೆ ಇವತ್ತು ಕಣ್ಣುಬೇನೆ. ನಿರೂಪಕಿಯ ನಗು ಮುಖದ ಮೇಲೆ ಹಾಗೇ ನಿಂತಿದೆ, ಕಿವಿಯಲ್ಲಿ ಯಾರೋ ಅವಳಿಗೆ ಏನೋ ಹೇಳುತ್ತಿದ್ದಾರೆ, ಕೈಚೀಲದೊಳಗೆ ನನ್ನ ಫೋನು ಗುರ್ರೆನ್ನುತ್ತದೆ, ಅಕ್ಕ, ನಿಲ್ಲುತ್ತದೆ, ಮತ್ತೆ ಗುರ್ರೆನ್ನುತ್ತದೆ, ಕ್ಯಾಮೆರಾ ಹತ್ತಿರ ಬರುತ್ತಿದೆ, ಗಾಜಿನಲ್ಲಿ ಸಣ್ಣ ಮುಖ, ಬಾಯಿ ತೆರೆದೇ ಇದೆ, ಎಡ ಯಾವುದು ಬಲ ಯಾವುದು, ದೀಪ ಕಣ್ಣಿಗೆ ಹೊಡೆಯುತ್ತದೆ, ರೆಪ್ಪೆ ಬಡಿಯುವುದಿಲ್ಲ, ನೀರು ಬರುತ್ತಿಲ್ಲ, ಬಿಳಿ ಬೆಳಕು, ಬೆಳಕಿನ ನಡುವೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಹಲ್ಲು, ಬೇರು, ಹಲ್ಲಿಗಿಂತ ಉದ್ದದ ಬೇರು