ಒತ್ತು ಬೀಳುವ ತುಂಡು

ಸಿದ್ಧಾರೂಢರಿಗೆ ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. ಅಮೆರಿಕದ ಪ್ಲೆಸೆಂಟನ್ನಿನ ಮನೆಯಲ್ಲಿ ಹೆಂಡತಿಯ ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ಬೆಳಗಿನಿಂದ ಅಡ್ಡಾಡುತ್ತಲೇ ಇದ್ದರು. ಸ್ಟ್ರೋಕು ಹೊಡೆದ ಮೇಲೆ ಮರೈಕೆಯ ಇಂಗ್ಲಿಷು ಪೂರ್ತಿ ಅಳಿಸಿಹೋಗಿತ್ತು. ಉಳಿದದ್ದು ಹುಟ್ಟಿದೂರಿನ ಡಚ್ಚು, ಅದೂ ಚೂರುಪಾರು. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಮಹಾನುಭಾವರು ಡಚ್ಚಿನ ನಾಲ್ಕು ಮಾತು ಕಲಿತಿರಲಿಲ್ಲ. ಈಗ ಕಲಿಯಲೇಬೇಕಿತ್ತು.

ಮಗಳು ಶಿವಾನಿ ಖಡಾಖಂಡಿತವಾಗಿ ಹೇಳಿದ್ದಳು. ತನಗೇನು ಬೇಕೆಂದು ಅಮ್ಮ ಸೋಮವಾರದೊಳಗೆ ಬಾಯಿಬಿಟ್ಟು ಹೇಳದಿದ್ದರೆ ನರ್ಸಿಂಗ್ ಹೋಮೇ ಗತಿ. “ಮೊನ್ನೆ ಬಾತ್‌ರೂಮಲ್ಲಿ ಇಬ್ರೂ ಬಿದ್ರಿ ಅಪ್ಪಾ. ಯೂ ಕಾಂಟ್ ಡೂ ದಿಸ್.”

ಸ್ಪೀಚ್ ಥೆರಪಿಯ ದೀಪ್ತಿ ಉಪಾಯ ತೋರಿಸಿಕೊಟ್ಟಿದ್ದಳು. ಪದವನ್ನು ತುಂಡು ಮಾಡಬೇಕು, ತುಂಡಿಗೊಮ್ಮೆ ಮರೈಕೆಯ ಎಡ ಅಂಗೈ ತಟ್ಟಬೇಕು, ಒತ್ತು ಬೀಳುವ ತುಂಡಿಗೆ ಜೋರಾಗಿ. ಬಚ್ಚಲಮನೆಗೆ ಡಚ್ಚಿನಲ್ಲಿ ಬಟ್-ಕಾ-ಮರ್. “ಎರಡು ಪದ ಸೇರಿ ಒಂದಾಗಿದೆ ಅಂಕಲ್. ಒತ್ತು ಮೊದಲನೇದರ ಮೇಲೆ.”

ಈಗ ಮಂಚದ ಅಂಚಿಗೆ ಕೂತು “ಬಟ್-ಕಾ-ಮರ್,” ಎಂದರು ಸಿದ್ಧಾರೂಢರು. ಪೆಟ್ಟು ‘ಕಾ’ ಮೇಲೆ ಬಿತ್ತು. ದೀರ್ಘ ಕಂಡಲ್ಲಿ ಕೂತುಬಿಡುವ ಹುಬ್ಬಳ್ಳಿಯ ನಾಲಿಗೆ! ಮರೈಕೆ ಮುಖ ಸಿಂಡರಿಸಿದಳು.

“ಯಾಕ, ತಪ್ಪಾತೇನು? ನೀನರ ಒಂದ್ಸಲ ಅನ್ನು. ಸೋಮವಾರ ಬಂದೇಬಿಡ್ತು!” ಸಂಕಟವಾದಾಗ ಅವರ ಬಾಯಿಗೆ ಬರುತ್ತಿದ್ದುದು ಕನ್ನಡವೇ.

ತಟ್ಟಿದರು. ಎದ್ದು ಕಿಟಕಿಗೆ ಹೋದರು, ಬಂದು ಮತ್ತೆ ತಟ್ಟಿದರು. ಪ್ರತಿ ಸಲ ಏಳುವಾಗಲೂ ಕೈ ಮಂಚದ ಸರಳು ಹಿಡಿಯುತ್ತಿತ್ತು. ನಿದ್ದೆಯಿಲ್ಲ, ಬಿದ್ದ ದಿನದಿಂದ ಸೊಂಟ ಬೇರೆ ಹಿಡಿದುಕೊಂಡಿತ್ತು. ಮರೈಕೆ ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಅದನ್ನು ಹಿಡಿದು ಮಗುಚಿ, ಅವರ ಅಂಗೈಯನ್ನು ತಾನೇ ತಟ್ಟಿದಳು.

“ವರ್. ಪ್ಲೇಖ್. ಹೌಸ್.”

ಎಷ್ಟು ಸ್ಪಷ್ಟ! ನಡುವಿನ ತುಂಡಿಗೆ ಜೋರು ಪೆಟ್ಟು. ಸಿದ್ಧಾರೂಢರು ಹಿಗ್ಗಿಹೋದರು. “ಮಾತಾಡಿದ್ಯಲ್ಲ!” ಎಂದು ಕೂಗಿ, ಅವಳಿಂದ ಮತ್ತೊಮ್ಮೆ ಹೇಳಿಸಿ ಫೋನಿಗೆ ಕೇಳಿಸಿದರು. ನರ್ಸಿಂಗ್ ಹೋಮ್ ಎಂದು ಅರ್ಥ ತೋರಿಸಿತು ಫೋನು.

“ಅದನ್ನ ಯಾರ್ ಕೇಳಿದ್ರು? ಬ್ಯಾಡ, ಬ್ಯಾರೆ ಏನರ ಅನ್ನು!” ಎಂದು ಅಂಗಲಾಚಿದರು.

ಮರೈಕೆ ಅವರ ಸೊಂಟ ಮುಟ್ಟಿದಳು. ತನಗೆ ಬೇಕಾದದ್ದನ್ನು ಅವಳು ಬಾಯಿಬಿಟ್ಟು ಹೇಳಿಯಾಗಿತ್ತು, ಇನ್ನು ಗಂಡ ಒಪ್ಪಬೇಕಿತ್ತು. ಅಂಗೈ ಬಿಡಲಿಲ್ಲ. ತಟ್ಟಿ ಕಾದಳು. ಅವರು ಬೇಡವೆಂದು ತಲೆಯಾಡಿಸಿದರು, ಅವಳು ಮತ್ತೆ ತಟ್ಟಿದಳು.

“ವರ್,” ಎಂದರು ಕೊನೆಗೆ. “ಪ್ಲೇಖ್...” ಅಷ್ಟಕ್ಕೇ ಅಳು ಒತ್ತರಿಸಿ ಬಂತು. ಉಳಿದ ತುಂಡನ್ನು ಮರೈಕೆಯೇ ಹೇಳಿದಳು.