ಮೂವತ್ತೆಂಟು ಸೆಕೆಂಡಿನ ಪಾಠ

ಮುರಳೀಧರನಿಗೆ ಬುದ್ಧಿ ಬಂದದ್ದು ಮೈಸೂರಿನ ಎರಡು ದಿನದ ತರಬೇತಿಯಲ್ಲಿ. ಬಂದ ಬುದ್ಧಿ ಎಂಥದ್ದು ಎಂದು ಗೊತ್ತಾಗಲು ಮಾತ್ರ ಆರು ತಿಂಗಳು ಹಿಡಿಯಿತು. ಸಾಮಾಜಿಕ ಜಾಲತಾಣದ ಮೂಲಕ ನೌಕರರು ಜ್ಞಾನ ಹಂಚಿಕೊಳ್ಳಬೇಕು ಎಂದು ಅಲ್ಲಿ ಯಾರೋ ಮಾತಾಡಿದ್ದರು, ಮಧ್ಯಾಹ್ನ ಊಟಕ್ಕೆ ಹೋಳಿಗೆಯೂ ಇತ್ತು. ಎರಡೂ ಸೇರಿ ಅವನ ತಲೆಗೇರಿದವು. ನಂಜನಗೂಡಿನಿಂದ ದಿನಾ ಸ್ಕೂಟರಿನಲ್ಲಿ ಹದಿನಾರು ಎಂಬ ಊರು ದಾಟಿ ನರಸೀಪುರ ತಾಲ್ಲೂಕಿನ ಒಂದು ಪಂಚಾಯ್ತಿಗೆ ಹೋಗಿಬರುವ ಈ ಅಭಿವೃದ್ಧಿ ಅಧಿಕಾರಿ, ಮಾರನೆಯ ದಿನವೇ ತನ್ನ ಕೈಕೆಳಗಿನ ಒಂಬತ್ತು ಜನ ವಾಟರ್‌ಮನ್‌ಗಳನ್ನು ಸೇರಿಸಿ 'ಜಲಜ್ಞಾನ' ಎಂಬ ವಾಟ್ಸ್‌ಆ್ಯಪ್ ಗುಂಪು ಕಟ್ಟಿದ.

ನಿಯಮವನ್ನೂ ಹಾಕಿದ. ವಾರಕ್ಕೊಂದು ಕಲಿಕೆಯನ್ನು ಮೂರು ಸಾಲಿನಲ್ಲಿ, ತಲೆಬರಹ ಸಹಿತ ಬರೆಯಬೇಕು. ಧ್ವನಿ ಸಂದೇಶ ಕೂಡದು.

ಹೀಗೆ ಅಪ್ಪಣೆ ಕೊಟ್ಟವನು ವೈದಿಕರ ಮನೆಯವನು ಎಂಬುದೇ ತಮಾಷೆ. ತಾತ ಅವನಿಗೆ ಮಂತ್ರ ಕಲಿಸಿದ್ದೆಲ್ಲ ಕಿವಿಯಿಂದ; ಪುಸ್ತಕ ಮುಟ್ಟಲು ಬಿಟ್ಟಿರಲಿಲ್ಲ. ಸ್ವರ ಜಾರಿದರೆ ತೊಡೆಗೊಂದು ಬಾರಿಸಿ, "ತಪ್ಪು. ಇನ್ನೊಂದ್ಸಲ ಕೇಳು" ಎನ್ನುತ್ತಿದ್ದರು. ಸರ್ಕಾರಿ ಕುರ್ಚಿಯಲ್ಲಿ ಕೂತ ಮೇಲೆ ಅದೆಲ್ಲ ಮರೆತುಹೋಗಿತ್ತು. ಒಂದು ದಿನವೂ ಸ್ಪ್ಯಾನರ್ ಹಿಡಿಯದ ಮುರಳೀಧರ 'ಮೋಟಾರ್ ನಿರ್ವಹಣೆಯ ಹತ್ತು ಸೂತ್ರಗಳು' ಎಂದು ಎಲ್ಲಿಂದಲೋ ತಂದು ಹಾಕುವನು. ಒಂಬತ್ತು ಕಡೆಯಿಂದಲೂ ಕೈಮುಗಿದ ಚಿತ್ರ ಬರುವುದು. ಯಾರೂ ಏನೂ ಬರೆಯದಿದ್ದರೂ ಜನ ಕಲಿಯುತ್ತಿದ್ದಾರೆ ಎಂದೇ ಅವನು ನಂಬಿದ. ಕೈ ಕೆಸರಾಗದೆ ಬಾಯಿ ಮೊಸರಾದವನಿಗೆ ಅನುಮಾನವಾದರೂ ಹೇಗೆ ಬರಬೇಕು.

ಆ ಒಂಬತ್ತು ಜನರಲ್ಲಿ ಹಿರಿಯ ಸಿದ್ದಯ್ಯ. ಇಪ್ಪತ್ತೆರಡು ವರ್ಷದಿಂದ ಪಂಪ್‌ಹೌಸ್ ನೋಡಿಕೊಂಡಿದ್ದ. ಓದು ಬರಹ ಇಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಮೈಗಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಒಳಗೇನು ಕೆಟ್ಟಿದೆ ಎಂದು ಹೇಳಬಲ್ಲ. ಒಂದು ಸೋಮವಾರ ಆತ ಗುಂಪಿಗೆ ಮೂವತ್ತೆಂಟು ಸೆಕೆಂಡಿನ ಧ್ವನಿ ಸಂದೇಶ ಕಳಿಸಿದ. ಮುರಳೀಧರ ಎರಡು ಸೆಕೆಂಡು ಕೇಳಿದ. ಬರೀ ಗರ್ರ್ ಎಂಬ ಸದ್ದು, ಒಂದು ಮಾತೂ ಇಲ್ಲ. ಜೇಬಿನಲ್ಲಿ ಫೋನು ಒತ್ತಿಹೋಗಿರಬೇಕು ಎಂದು ಅಳಿಸಿಹಾಕಿದ. ಅಷ್ಟು ಸಾಲದೆಂದು, "ಇದು ಕಲಿಕೆಯ ಗುಂಪು, ಆಟದ ಸಾಮಾನಲ್ಲ" ಎಂದೂ ಬರೆದ. ಎಂಟು ಜನ ಕೈಮುಗಿದರು. ಸಿದ್ದಯ್ಯ ಮುಗಿಯಲಿಲ್ಲ ಎಂಬುದನ್ನು ಅವನು ಗಮನಿಸಲೂ ಇಲ್ಲ.

ಹನ್ನೊಂದನೆಯ ದಿನ ಮೋಟಾರು ಸುಟ್ಟುಹೋಯಿತು. ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸಲು ಇದ್ದದ್ದು ಅದೊಂದೇ. ಎರಡು ದಿನ ಕಳೆಯುವಷ್ಟರಲ್ಲಿ ಪಂಚಾಯ್ತಿ ಕಚೇರಿಯ ಮುಂದೆ ಬಿಂದಿಗೆಗಳು ಸಾಲುಗಟ್ಟಿದವು. ಮೇಲಿನ ಬೀದಿಯ ಮುತ್ತಮ್ಮ ಒಳಗೇ ಬಂದಳು.

"ಸಾ, ನಿಮ್ ಮೊಬೈಲ್ಗೇನಾರ ನೀರ್ ಬಂದದಾ ನೋಡಿ. ನಮ್ ನಲ್ಲೀಲಂತೂ ಇಲ್ಲ."

ತಾಲ್ಲೂಕಿನಿಂದ ಫೋನು ಬಂತು. ಸಂಜೆಯೊಳಗೆ ವರದಿ ಬೇಕು, ಯಾರ ನಿರ್ಲಕ್ಷ್ಯ ಎಂದು ತಿಳಿಸಬೇಕು. ಮುರಳೀಧರ ಸಿದ್ದಯ್ಯನ ಹೆಸರಿಗೆ ನೋಟಿಸ್ ಟೈಪ್ ಮಾಡಿದ: 'ಮೋಟಾರಿನ ದೋಷವನ್ನು ಮುಂಚಿತವಾಗಿ ತಿಳಿಸದ ತಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?' ಊರಿಗೆ ನೀರಿಲ್ಲದಿದ್ದರೂ ಈ ಭಾಷೆ ಮಾತ್ರ ಅವನಿಗೆ ನೀರು ಕುಡಿದಷ್ಟು ಸಲೀಸು.

ಸಿದ್ದಯ್ಯ ಬಂದು ಬಾಗಿಲ ಬಳಿ ನಿಂತ. ನೋಟಿಸನ್ನು ಮುರಳೀಧರನೇ ಓದಿ ಹೇಳಬೇಕಾಯಿತು.

"ತಿಳಿಸಿದ್ನಲ್ಲಾ ಸಾ."

"ಯಾವಾಗ ತಿಳಿಸಿದ್ರಿ?"

"ಗ್ರೂಪ್ಗೆ ಆಕಿದ್ನಲ್ಲಾ. ಬೇರಿಂಗ್ ಓಯ್ತಾ ಅದ ಅಂತ ಅದ್ರ ಸಬ್ದಾನೇ ಕಳ್ಸಿದ್ದೆ. ನೀವು ಅಳಿಸ್ಬುಟ್ರಿ. ಸಾಯೇಬ್ರು ಕೇಳವ್ರೆ, ಏನೂ ತೊಂದ್ರೆ ಇಲ್ಲ ಅಂತ ಅಳಿಸವ್ರೆ ಅನ್ಕಂಡು ಸುಮ್ನಾದೆ."

ಮುರಳೀಧರ ಫೋನು ತೆಗೆದು ಹಿಂದಕ್ಕೆ ಸರಿಸುತ್ತಾ ಹೋದ. ಸದ್ದು ಇರಲಿಲ್ಲ. ಅದಿದ್ದ ಜಾಗದಲ್ಲಿ, ಆ ಸೋಮವಾರದ ತಾರೀಖಿನ ಕೆಳಗೆ, ಒಂದೇ ಸಾಲು ಇತ್ತು: ಅಡ್ಮಿನ್ ಆಗಿ ನೀವು ಈ ಸಂದೇಶವನ್ನು ಅಳಿಸಿದ್ದೀರಿ.

"ಹೇಗಿತ್ತು ಆ ಸದ್ದು?" ಎಂದು ಕೇಳಿದ. ದನಿ ಸಣ್ಣದಾಗಿತ್ತು.

ಸಿದ್ದಯ್ಯ ಕಣ್ಣು ಮುಚ್ಚಿ ಗಂಟಲಿನಲ್ಲೇ ಮೋಟಾರು ಓಡಿಸಿದ. ಗರ್ರ್, ನಡುವೆ ಒಂದು ಟಿಕ್, ಮತ್ತೆ ಗರ್ರ್, ಮತ್ತೆ ಟಿಕ್. "ಈ ಟಿಕ್ ಅಂತದಲ್ಲಾ ಸಾ, ಅದೇ ಬೇರಿಂಗು." ಹೊರಗೆ ಬಿಂದಿಗೆ ಸಾಲಿನಲ್ಲಿದ್ದವರು ಕಿಟಕಿಯಿಂದ ಇಣುಕಿ ನೋಡಿದರು.

ಮುರಳೀಧರನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ತಾಲ್ಲೂಕಿನವರು ಯಾರೂ ಆ ಗುಂಪಿನಲ್ಲಿಲ್ಲ. ನೋಟಿಸಿಗೆ ಸಹಿ ಹಾಕಿದರೆ ಕೇಳುವವರೇ ಇಲ್ಲ. ಐದು ನಿಮಿಷ ಆ ಲೆಕ್ಕಾಚಾರವನ್ನೂ ಹಾಕಿದ ಎಂಬುದು ಅವನಿಗೆ ಇವತ್ತಿಗೂ ನಾಚಿಕೆ. ಕುಣಿಯಲಾರದವಳು ನೆಲ ಡೊಂಕು ಅಂದರೆ ನೆಲಕ್ಕೇನೂ ನಷ್ಟವಿಲ್ಲ. ಇಲ್ಲಿ ಸಿದ್ದಯ್ಯನ ಕೆಲಸ ಹೋಗುತ್ತಿತ್ತು. ನೋಟಿಸನ್ನು ಹರಿದು ಹಾಕಿ ವರದಿ ಬರೆದ: 'ವಾಟರ್‌ಮನ್ ಮುಂಚಿತವಾಗಿ ತಿಳಿಸಿದ್ದರು. ನಾನು ಕೇಳದೆ ಅಳಿಸಿದೆ.' ಮುಂದಿನ ವಾರ ನೋಟಿಸ್ ಅವನ ಹೆಸರಿಗೇ ಬಂತು. ಭಾಷೆ ಅವನದಕ್ಕಿಂತ ಚೆನ್ನಾಗಿತ್ತು.

ವರದಿ ಕಳಿಸಿದ ಸಂಜೆಯೇ ಗುಂಪಿನಲ್ಲೂ ತಲೆಬರಹ ಹಾಕಿ ಮೂರು ಸಾಲು ಬರೆದ.

'ನನ್ನ ಕಲಿಕೆ
ಗೊತ್ತಿಲ್ಲದ ಸದ್ದನ್ನು ಅಳಿಸಬಾರದು.
ಗೊತ್ತಿರುವವರನ್ನು ಕೇಳಬೇಕು.
ಸಿದ್ದಯ್ಯನವರೇ, ತಪ್ಪಾಯಿತು.'

ಆರು ತಿಂಗಳಲ್ಲಿ ನಿಯಮದ ಪ್ರಕಾರ ಬಂದ ಮೊದಲ ಪಾಠ ಅದೇ. ಒಬ್ಬರೂ ಕೈಮುಗಿಯಲಿಲ್ಲ.

ಮೋಟಾರು ರಿಪೇರಿಯಾಗಿ ನಲ್ಲಿಗೆ ನೀರು ಬಂದ ಮೇಲೆ ಸಿದ್ದಯ್ಯನಿಂದ ಗುಂಪಿಗೆ ಬರೀ ಸದ್ದಿನ ಎರಡು ಧ್ವನಿ ಸಂದೇಶ ಬಂದವು, ಹಿಂದೆಯೇ ಮಾತಿನ ಮೂರನೆಯದು. "ಒಂದು ನಮ್ ಮೋಟ್ರು ಸಾ, ಇನ್ನೊಂದು ಕೆಳಗಲ ಊರ್ದು. ಯಾವ್ದು ಕೆಡ್ತಾ ಅದ ಯೋಳಿ."

ಮುರಳೀಧರ ಹದಿನಾರಿನ ಹತ್ತಿರ ಸ್ಕೂಟರನ್ನು ಮರದ ಕೆಳಗೆ ನಿಲ್ಲಿಸಿ, ಫೋನನ್ನು ಕಿವಿಗೊತ್ತಿಕೊಂಡು ಎರಡನ್ನೂ ಪೂರ್ತಿ ಕೇಳಿದ. 'ಎರಡನೆಯದು.' ಎಂದು ಪೂರ್ಣವಿರಾಮ ಸಹಿತ ಬರೆದು ಕಳಿಸಿದ.

ಬಂದ ಉತ್ತರ ವನಿತಾಳದು. ವಾಟರ್‌ಮನ್‌ಗಳಲ್ಲಿ ಎಲ್ಲರಿಗಿಂತ ಕಿರಿಯವಳು, ಗುಂಪಿನಲ್ಲಿ ಇದುವರೆಗೆ ಒಂದು ಮಾತೂ ಆಡದವಳು.

"ತಪ್ಪು ಸಾ. ಇನ್ನೊಂದ್ಸಲ ಕೇಳಿ."

ತಾತ ಹೋದ ಮೇಲೆ ಅವನಿಗೆ ಹಾಗೆ ಹೇಳಿದವರು ಯಾರೂ ಇರಲಿಲ್ಲ. ಮುರಳೀಧರನ ತೊಡೆ ತಾನಾಗಿ ಬಿಗಿಯಿತು. ಸ್ಕೂಟರಿನಿಂದ ಇಳಿದು ಸ್ಟ್ಯಾಂಡ್ ಹಾಕಿ, ಮೊದಲಿನಿಂದ ಕೇಳತೊಡಗಿದ.