ಘಾಟು ಹೋಗದ ಚೀಲ

ನಾನು ಒಂದು ಗೋಣಿಚೀಲ. ಸೆಣಬಿನ ಮಿಲ್ಲಿನಲ್ಲಿ ಹುಟ್ಟಿದೆ. ಮೂರು ಕಡೆ ಹೊಲಿದು ಒಂದು ಕಡೆ ಬಿಟ್ಟರು. ಆ ಬಿಟ್ಟ ಕಡೆಯೇ ನನ್ನ ಬಾಯಿ. ಅದನ್ನು ಬಿಚ್ಚುವುದು, ಕಟ್ಟುವುದು ಎರಡೂ ಬೇರೆಯವರ ಕೈಯಲ್ಲಿತ್ತು. ಹಾಗಾಗಿ ಒಳಗೆ ಏನು ತುಂಬಿದರೂ ಸುಮ್ಮನಿರುವುದನ್ನು ಬೇಗ ಕಲಿತೆ.

ಬ್ಯಾಡಗಿಯ ಮಾರುಕಟ್ಟೆಗೆ ಬಂದು ಎರಡು ಸುಗ್ಗಿ ಮೆಣಸಿನಕಾಯಿ ಹೊತ್ತೆ. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಊರಿಗೆ ಊರೇ ಹೇಳುತ್ತದೆ. ಚೀಲದೊಳಗೆ ಕೂತು ನೋಡಿದವರು ಯಾರೂ ಹಾಗೆ ಹೇಳಿಲ್ಲ. ಹೊರಗಿನಿಂದ ಬಂದವರು ಬಾಗಿಲಲ್ಲೇ ಸೀನುತ್ತಿದ್ದರು. ನನ್ನನ್ನು ಹೊರುತ್ತಿದ್ದ ಹಮಾಲ ಫಕ್ಕೀರಪ್ಪ ಮಾತ್ರ ಒಂದು ದಿನವೂ ಸೀನಲಿಲ್ಲ. ಇಪ್ಪತ್ತು ವರ್ಷದ ಘಾಟಿಗೆ ಅವನ ಮೂಗು ಜಡ್ಡುಗಟ್ಟಿತ್ತು.

ನನ್ನ ತಳ ಹರಿದಾಗ ಅವನು ನನ್ನನ್ನು ಮನೆಗೆ ತಂದ. ಹೆಂಡತಿ ನೀಲಗಂಗವ್ವ ದಬ್ಬಳದಿಂದ ಹೊಲಿದು ಗೂಟಕ್ಕೆ ಸಿಕ್ಕಿಸಿದಳು. ಆ ಮನೆಯಲ್ಲಿ ಬೂದಿ ಎಂಬ ಬೆಕ್ಕಿತ್ತು. ಇಲಿ ಹಿಡಿಯಲೆಂದು ಸಾಕಿದ್ದರು. ಇಲಿ ಹಿಡಿಯುತ್ತಿತ್ತು, ವರ್ಷಕ್ಕೆ ಮೂರು ಸಲ ಮರಿಯನ್ನೂ ಹಾಕುತ್ತಿತ್ತು.

ಬೆಕ್ಕನ್ನು ಕೊಂದರೆ ಮಹಾಪಾಪ, ಬಂಗಾರದ ಬೆಕ್ಕು ಮಾಡಿಸಿ ದಾನ ಕೊಟ್ಟರಷ್ಟೇ ಕಳೆಯುತ್ತದೆ ಎನ್ನುತ್ತಾರೆ. ಅದಕ್ಕೇ ಇವರು ಯಾರನ್ನೂ ಕೊಲ್ಲುವುದಿಲ್ಲ. ಮರಿಗಳನ್ನು ಚೀಲಕ್ಕೆ ಹಾಕಿ, ದಾರಿ ಮರೆಯಲೆಂದು ಗಿರಗಿರ ಮೂರು ಸುತ್ತು ತಿರುಗಿಸಿ, ಹಳ್ಳ ದಾಟಿಸಿ ಬಿಟ್ಟು ಬರುತ್ತಾರೆ. ಅದು ಪಾಪದ ಲೆಕ್ಕಕ್ಕೆ ಬರುವುದಿಲ್ಲ.

"ಹಳ್ಳದಾಚೆ ಗೋದಾಮದಾಗ ಇಲಿ ಭಾಳ ಅದಾವ. ಆರಾಮ ಇರ್ತಾವ," ಎಂದ ಫಕ್ಕೀರಪ್ಪ.

"ಮೆಣಸಿನಕಾಯಿ ಚೀಲ ಅದು," ಎಂದಳು ನೀಲಗಂಗವ್ವ.

"ಜಾಡಿಸೇನಿ ಬಿಡ. ನಮ್ಮ ಕಾಯಿ ಖಾರ ಇರ್ತಾವೇನ?"

ನಾಲ್ಕು ಮರಿ. ಕಣ್ಣು ಬಿಟ್ಟು ವಾರವಾಗಿತ್ತು. ಮಣಗಟ್ಟಲೆ ಹೊತ್ತ ನನಗೆ ಅವುಗಳ ತೂಕ ತಿಳಿಯಲೇ ಇಲ್ಲ. ಸೀನಿದವು, ಕೂಗಿದವು, ಆಮೇಲೆ ಕೂಗಲಿಲ್ಲ. ಹಳ್ಳದಾಚೆ ಗೋದಾಮಿನ ಹಿಂದೆ ನನ್ನನ್ನು ಬೋರಲು ಹಾಕಿ ಸುರಿದು, ಖಾಲಿ ನನ್ನನ್ನು ಹೆಗಲಿಗೆ ಹಾಕಿಕೊಂಡು ಫಕ್ಕೀರಪ್ಪ ಹಿಂದಿರುಗಿ ನೋಡದೆ ಬಂದ. ನೋಡಬಾರದು ಎಂಬುದೂ ಪದ್ಧತಿಯೇ. ನನಗೆ ಆಗ ಏನೂ ಅನ್ನಿಸಲಿಲ್ಲ. ಖಾಲಿಯಾದೆ, ಅಷ್ಟೆ.

ಬೂದಿ ಮೂರು ದಿನ ಮನೆಯ ಮೂಲೆಮೂಲೆ ಹುಡುಕಿತು. ಕೊನೆಗೆ ಗೂಟದ ಕೆಳಗೆ ಬಂದು ನನ್ನ ಕಡೆ ಮುಖ ಮಾಡಿ ಕೂಗಿತು. ನಾನು ನೇತಾಡುತ್ತಿದ್ದೆ.

ಎರಡು ತಿಂಗಳಾಯಿತು. ತಗಡಿನ ಮೇಲೆ ಗಂಡುಬೆಕ್ಕುಗಳು ಮತ್ತೆ ಜಗಳ ತೆಗೆದವು.

"ಈ ಸಲ ತಾಯಿನ್ನ ಬಿಟ್ಟು ಬರ್ತೇನಿ. ಒಮ್ಮೆಲೆ ಮುಗೀತೈತಿ," ಎಂದ ಫಕ್ಕೀರಪ್ಪ. ನೀಲಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತಲೇ ಇದ್ದಳು.

ಹಳ್ಳದಾಚೆ ನನ್ನ ಬಾಯಿ ಬಿಚ್ಚಿದ. ಬೂದಿ ಹೊರಗೆ ಹಾರಲಿಲ್ಲ. ಎರಡೂ ಕಣ್ಣು ಊದಿ ಮುಚ್ಚಿ ನೀರು ಸುರಿಯುತ್ತಿತ್ತು. ಅದು ತಲೆ ಹೊರಗಿಟ್ಟು, ಏನೂ ಕಾಣದೆ, ಅವನ ಕೈಯನ್ನು ಮೂಸಿ ಅವನ ಕಡೆಗೇ ತೆವಳಿತು.

"ಕಣ್ಣಿಲ್ಲದ್ದನ್ನ ಹೆಂಗ ಬಿಡ್ಲಿ," ಎಂದು ಗೊಣಗಿದ. ಬೂದಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ನನ್ನನ್ನು ಹೆಗಲಿಗೆ ಹಾಕಿಕೊಂಡು ದನದ ದವಾಖಾನೆಗೆ ಹೋದ.

ಡಾಕ್ಟರ್ ಸುಹಾಸಿನಿ ನನ್ನ ಹತ್ತಿರ ಬಂದು ಎರಡು ಸಲ ಸೀನಿದರು. ಬೂದಿಯ ಕಣ್ಣು ತೊಳೆದು ಮುಲಾಮು ಹಚ್ಚಿದರು.

"ಯಾಕ ಬಿಡಾಕ ಹೋಗಿದ್ದಿ?"

"ವರ್ಷಕ್ಕ ಮೂರು ಸರತೆ ಹಾಕತೈತ್ರಿ. ಏನ್ ಮಾಡೂದು?"

"ಕಣ್ಣು ಆರಾಮಾದ ಮ್ಯಾಲೆ ತಗೊಂಡ ಬಾ. ಒಂದು ಆಪರೇಷನ್ ಮಾಡ್ತೇನಿ, ಮರಿ ಆಗೂದಿಲ್ಲ. ಅದಾದ ಮ್ಯಾಲೂ ಬ್ಯಾಡ ಅಂದ್ರ ಸಾಕುವವ್ರನ್ನ ಹುಡುಕೂಣು. ಸಿಗೂತನಕ ನಿಮ್ಮ ಮನ್ಯಾಗ ಇರ್ಲಿ. ಮನೀ ಬೆಕ್ಕು ಬಯಲಿಗೆ ಬಿಟ್ರ ಬದುಕೂದು ಕಷ್ಟ ಐತಪಾ."

ಫಕ್ಕೀರಪ್ಪ ಬೂದಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡ.

"ಮರಿಗೋಳ್ನ ಹಂಗ ಬಿಟ್ರ ಬದುಕ್ತಾವೇನ್ರಿ? ಈಗಷ್ಟ ಕಣ್ಣು ಬಿಟ್ಟಿರೂವು?"

ಡಾಕ್ಟರ್ ನನ್ನನ್ನು ನೋಡಿದರು. "ಇದ ಚೀಲದಾಗೇನು?"

ಅವನು ನನ್ನನ್ನು ಹೆಗಲ ಹಿಂದಕ್ಕೆ ಸರಿಸಿಕೊಂಡ.

ಬೂದಿಯನ್ನು ಮನೆಯಲ್ಲಿ ಬಿಟ್ಟು, ನನ್ನನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು, ಅವನು ಗೋದಾಮಿನ ಹಿಂದಕ್ಕೆ ಹೋದ. ಕಳೆ ಸರಿಸಿ ಸರಿಸಿ ಕರೆದ. ಎರಡು ತಿಂಗಳ ಹಿಂದೆ ಬಿಟ್ಟವು ಕರೆದರೆ ಬರುತ್ತವೆಯೇ? ಹಿಂದಿರುಗುವಾಗ ಹಳ್ಳಕ್ಕಿಳಿದು ನನ್ನನ್ನು ಕಲ್ಲಿಗೆ ಬಡಿದು ಒಗೆದ. ಮೂಗಿಗೆ ಒತ್ತಿ ಮೂಸಿದ. ಘಾಟು ಹೋಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮತ್ತೆ ಒಗೆದ, ಮತ್ತೆ ಮೂಸಿದ. ಅಳುತ್ತಿದ್ದ. ನನಗೂ ಏನೋ ಅನ್ನಿಸಿತು. ನೀರಿನ ತಣುಪೇ ಇರಬಹುದು.

ಈಗ ನನಗೆ ವಯಸ್ಸಾಗಿದೆ. ಎಳೆ ಎಳೆ ಬಿಚ್ಚುತ್ತಿದೆ. ನೀಲಗಂಗವ್ವ ತಾನೇ ಮೂಸಿ ನೋಡಿ, ಸೀನು ಬರದಿದ್ದ ಮೇಲೆ ನನ್ನನ್ನು ಒಲೆಯ ಹತ್ತಿರ ಹಾಸಿದಳು. ಆಪರೇಷನ್ ಆದ ಬೂದಿ ನನ್ನ ಮೇಲೆ ಮಲಗುತ್ತದೆ. ಅದರ ಎಡಗಣ್ಣಿಗೆ ಬಿಳಿ ಪೊರೆ ಬಂದಿದೆ, ಅದು ಹೋಗಲಿಲ್ಲ.

ಮೊನ್ನೆ ಪಕ್ಕದ ಮನೆಯ ರತ್ನವ್ವ ಬಂದಿದ್ದಳು. "ಒಂದು ಚೀಲ ಇದ್ರ ಕೊಡ್ರಿ. ಮೂರು ನಾಯಿಮರಿ ಅದಾವ, ಹಳ್ಳದಾಚೆ ಬಿಟ್ಟು ಬರ್ತೇವಿ."

"ಚೀಲದ ಮ್ಯಾಲೆ ಬೆಕ್ಕು ಮಕ್ಕೊಂಡೈತಿ," ಎಂದ ಫಕ್ಕೀರಪ್ಪ. "ಮರಿ ತಾಯಿ ಹತ್ರನ ಇರ್ಲಿ. ನಾಳೆ ಡಾಕ್ಟರವ್ವನ ಕಡೆ ನಾನೂ ಬರ್ತೇನಿ. ಸಾಕುವವ್ರನ್ನ ಕೇಳೂಣು."

ರತ್ನವ್ವ ಹೋದ ಮೇಲೂ ಅವನು ಬಾಗಿಲ ಕಡೆ ನೋಡುತ್ತ ಕೂತಿದ್ದ.

ಎಷ್ಟು ಮಣ ಮೆಣಸಿನಕಾಯಿ ಹೊತ್ತೆನೋ ನನಗೆ ನೆನಪಿಲ್ಲ. ಆ ನಾಲ್ಕು ಮರಿಗಳ ತೂಕ ಮಾತ್ರ ಈಗ, ಅವುಗಳ ತಾಯಿ ನನ್ನ ಮೇಲೆ ಮಲಗಿರುವಾಗ, ತಿಳಿಯುತ್ತಿದೆ.